ಷಡ್ಡಕನ ದೇಶ

"ಬಸ್ಸು ಸ್ಟಾಪಿಗೆ ಬಂದು ನಿಂತ ತಕ್ಷಣ ಒಂದು ಬದಿಗೆ ತಗ್ಗುತ್ತೆ. ಮಂಡಿ ಊರಿದ ಹಾಗೆ. ವಯಸ್ಸಾದವರು ಕಾಲು ಎತ್ತೋದೇ ಬೇಡ, ಹೊಸ್ತಿಲು ದಾಟಿದ ಹಾಗೆ ಒಳಗೆ ಬರ್ತಾರೆ," ಎಂದು ಷಡ್ಡಕ ಅಂಗೈಯನ್ನು ಓರೆ ಮಾಡಿ ತೋರಿಸಿದ.

ಊಟದ ಮೇಜಿನ ಸುತ್ತ ಕುಳಿತವರು ಆ ಅಂಗೈಯನ್ನೇ ನೋಡುತ್ತಿದ್ದರು. ಡ್ರೈವರ್ ಮಾತ್ರ ತನ್ನ ತಟ್ಟೆ ನೋಡುತ್ತಿದ್ದ.

"ಮಂಡಿ ಊರಿ ಸುಮ್ಮನಿರುತ್ತಾ ಭಾವ, ಇಲ್ಲಾ ಪ್ಯಾಸೆಂಜರ್ ಕಾಲಿಗೂ ಬೀಳುತ್ತಾ?"

ಅತ್ತೆ ಪಕ್ಕನೆ ನಕ್ಕರು. ಹೆಂಡತಿ ನಗಲಿಲ್ಲ. "ನೀವು ಸ್ವಲ್ಪ ಸುಮ್ನಿರಿ, ಭಾವ ಹೇಳ್ತಿದ್ದಾರಲ್ಲ," ಎಂದಳು. ಅಷ್ಟಕ್ಕೇ ಡ್ರೈವರಿಗೆ ಊಟ ಸಾಕಾಯಿತು. ಕೈ ತೊಳೆದು ಎದ್ದ.

ಷಡ್ಡಕ ಎಂದರೆ ಅವನ ಹೆಂಡತಿಯ ಅಕ್ಕನ ಗಂಡ. ಹತ್ತು ವರ್ಷಗಳಿಂದ ಪರದೇಶದಲ್ಲಿ ಬಸ್ಸು ಓಡಿಸುತ್ತಿದ್ದ. ಹೆಂಡತಿಗೆ ರಜೆ ಸಿಗದೆ ಈ ಸಲ ಒಬ್ಬನೇ ಬಂದಿದ್ದ. ಅತ್ತೆ ಇರುವುದು ಡ್ರೈವರಿನ ಮನೆಯಲ್ಲೇ ಆದ್ದರಿಂದ ಅವನೂ ಅಲ್ಲೇ ಇಳಿದುಕೊಂಡಿದ್ದ.

ಪರದೇಶಕ್ಕೆ ಹೋಗುವ ಮುನ್ನ ಇಬ್ಬರೂ ಒಂದೇ ಡಿಪೋದಲ್ಲಿದ್ದರು. ಅಲ್ಲಿ ಡ್ರೈವರಿನ ಕೈಗೆ ದೊಡ್ಡ ಹೆಸರಿತ್ತು. ಇಕ್ಕಟ್ಟಿನ ಓಣಿಯಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವುದನ್ನು ಷಡ್ಡಕನಿಗೆ ಕಲಿಸಿದವನೇ ಅವನು. ಪರದೇಶದ ಕಂಪನಿಯೊಂದು ಡ್ರೈವರುಗಳನ್ನು ಹುಡುಕಿಕೊಂಡು ಬಂದಾಗ ಇಬ್ಬರೂ ಜೊತೆಯಲ್ಲೇ ಪರೀಕ್ಷೆಗೆ ಹೋದರು. ಕಲಿತವನು ಪಾಸಾದ, ಕಲಿಸಿದವನು ಫೇಲಾದ. ಯಾಕೆಂದು ಯಾರೂ ಹೇಳಲಿಲ್ಲ. ಆ ಫಲಿತಾಂಶ ಬರುವವರೆಗೆ ಈ ದೇಶವನ್ನು ಡ್ರೈವರಿನಷ್ಟು ಬೈಯುತ್ತಿದ್ದವರು ಡಿಪೋದಲ್ಲಿ ಇನ್ನೊಬ್ಬರಿರಲಿಲ್ಲ. ಫಲಿತಾಂಶ ಬಂದ ಮರುದಿನದಿಂದ ಅದನ್ನು ಅವನಷ್ಟು ಹೊಗಳುವವರೂ ಇರಲಿಲ್ಲ.

ಈಗ ಅವನ ಮನೆಯಲ್ಲೇ ಬೆಳಗಿನಿಂದ ಸಂಜೆಯವರೆಗೆ ಆ ದೇಶದ ಸುದ್ದಿ. ನಲ್ಲಿ ತಿರುಗಿಸಿದರೆ ಅಲ್ಲಿಯ ನಲ್ಲಿ ನೀರನ್ನು ಹಾಗೇ ಕುಡಿಯಬಹುದು. ಅಂಗಡಿಗೆ ಹೋಗಿ ಬಂದರೆ ಅಲ್ಲಿ ಸಾಲಿನಲ್ಲಿ ಯಾರೂ ನುಗ್ಗುವುದಿಲ್ಲ. ಬೀದಿಯಲ್ಲಿ ಹಾರ್ನ್ ಕೇಳಿದರಂತೂ ಷಡ್ಡಕ ಹಲ್ಲುನೋವು ಬಂದವನಂತೆ ಮುಖ ಕಿವುಚುತ್ತಿದ್ದ. ಹೆಂಡತಿ ಅದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಕಪಾಟಿನಲ್ಲಿ ಎತ್ತಿಟ್ಟಿದ್ದ ಹೂವಿನ ಚಿತ್ರದ ಕಪ್ಪಿನಲ್ಲಿ ಅವನಿಗೆ ಕಾಫಿ ಕೊಡುತ್ತಿದ್ದಳು. ಆ ಕಪ್ಪು ಮನೆಗೆ ಬಂದು ಎಷ್ಟು ವರ್ಷವಾಯಿತೋ, ಡ್ರೈವರ್ ಅದರಲ್ಲಿ ಒಂದು ದಿನ ನೀರು ಸಹ ಕುಡಿದಿರಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವನು ತಡೆಯಲಾರದೆ ಹೇಳಿದ: "ಅಷ್ಟು ಚೆನ್ನಾಗಿದ್ರೆ ಅಲ್ಲೇ ಇರಬೇಕಿತ್ತಪ್ಪ. ಇಲ್ಲಿಗೆ ಬಂದು ಇಲ್ಲಿ ಅನ್ನ ತಿಂದು ಇಲ್ಲೀದನ್ನೇ ಬೈಯೋದಾ?"

"ಅವರು ಸುಳ್ಳೇನು ಹೇಳ್ತಿಲ್ಲವಲ್ಲ."

"ಹುಟ್ಟಿದ ದೇಶವನ್ನ ಹೀಗಳೆಯೋದು ತಪ್ಪು."

ಹೆಂಡತಿ ಒಲೆ ಸಣ್ಣ ಮಾಡಿ ಅವನ ಕಡೆ ತಿರುಗಿದಳು. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ನಿಮಗೆ ದೇಶದ ಮೇಲೆ ಪ್ರೀತಿನಾ, ಭಾವನ ಮೇಲೆ ಹೊಟ್ಟೆಕಿಚ್ಚಾ?"

ಅವನು ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ಹೊರಟುಬಿಟ್ಟ. ದಾರಿಯುದ್ದಕ್ಕೂ ಆ ಪ್ರಶ್ನೆಗೆ ಒಳ್ಳೊಳ್ಳೆಯ ಉತ್ತರಗಳು ಹೊಳೆದವು. ಒಂದೂ ಅವನಿಗೇ ಹಿಡಿಸಲಿಲ್ಲ.

ಅತ್ತೆಗೆ ಮಂಡಿನೋವು. ಆಸ್ಪತ್ರೆಗೆ ತೋರಿಸಬೇಕಿತ್ತು. ಷಡ್ಡಕ ಕಾರು ಮಾಡಿಕೊಂಡು ಹೋಗೋಣವೆಂದ. ಅತ್ತೆ ಒಪ್ಪಲಿಲ್ಲ. "ನಮ್ಮ ಅಳಿಯನ ಬಸ್ಸೇ ಆಸ್ಪತ್ರೆ ಮುಂದೆ ಹೋಗುತ್ತಲ್ಲ, ನಿಮಗ್ಯಾಕೆ ಸುಮ್ನೆ ಖರ್ಚು?" ಎಂದರು. ದೊಡ್ಡ ಅಳಿಯನನ್ನು ಅವರು ಯಾವಾಗಲೂ ಬಹುವಚನದಲ್ಲೇ ಮಾತನಾಡಿಸುತ್ತಿದ್ದರು. ಆ ಮರ್ಯಾದೆಯೂ ಡ್ರೈವರಿನ ಹೊಟ್ಟೆ ಉರಿಸುವ ಸಂಗತಿಗಳಲ್ಲಿ ಒಂದಾಗಿತ್ತು. ಆದರೆ ಅವತ್ತು "ನಮ್ಮ ಅಳಿಯನ ಬಸ್ಸು" ಎಂಬ ಮಾತು ಕೇಳಿ ಅವನಿಗೆ ಖುಷಿಯಾಯಿತು. ಡಿಪೋದಲ್ಲಿ ಯಾರಿಗೂ ಹೇಳದೆ ಮುಂದಿನ ಗಾಜನ್ನು ತಾನೇ ಒರೆಸಿದ. ಸೀಟಿನ ಕೆಳಗಿದ್ದ ಹಳೇ ಬಾಟಲಿಗಳನ್ನು ಎಸೆದ.

ಕಂಡಕ್ಟರ್ ಅತ್ತೆಯನ್ನು ಹಿಂದಿನ ಬಾಗಿಲ ಪಕ್ಕದಲ್ಲೇ ಕೂರಿಸಿದ. ಇಳಿಯುವುದಕ್ಕೆ ಸುಲಭವಾಗಲಿ ಎಂದು. ಷಡ್ಡಕ ಮಾತ್ರ ನೇರ ಮುಂದೆ ಬಂದು ಡ್ರೈವರಿನ ಸೀಟಿನ ಹಿಂದಿನ ಕಂಬ ಹಿಡಿದು ನಿಂತ. ನಿಂತವನ ಬಾಯಿ ಸುಮ್ಮನಿರಲಿಲ್ಲ.

"ಇದರ ಗೇರು ಇನ್ನೂ ಹೀಗೇ ಕಿರುಚುತ್ತಾ? ನಮ್ಮಲ್ಲಿ ಗೇರೇ ಇಲ್ಲ."

"ಹೌದಾ."

"ಜನ ಬಾಗಿಲಲ್ಲಿ ನೇತಾಡ್ತಿದ್ರೆ ನಮ್ಮಲ್ಲಿ ಗಾಡಿ ಹೊರಡೋದೇ ಇಲ್ಲ."

"ಹೌದಾ ಭಾವ."

ಹತ್ತಿರ ಕುಳಿತಿದ್ದ ಇಬ್ಬರು ಪ್ರಯಾಣಿಕರು ತಲೆಯಾಡಿಸಿ, "ನಮ್ಮ ದೇಶ ಉದ್ಧಾರ ಆಗಲ್ಲ ಬಿಡಿ," ಎಂದರು. ಡ್ರೈವರಿನ ಕಿವಿ ಕೆಂಪಾಯಿತು. ಅವನ ಬಸ್ಸಿನಲ್ಲಿ, ಅವನ ಬೆನ್ನ ಹಿಂದೆ, ಅವನದೇ ಕೈಕೆಳಗೆ ಕಲಿತವನು ಅವನ ಪ್ರಯಾಣಿಕರಿಂದ ಶಹಬ್ಬಾಸ್ ಎನ್ನಿಸಿಕೊಳ್ಳುತ್ತಿದ್ದ.

ಆಸ್ಪತ್ರೆಯ ಸ್ಟಾಪು ಕಂಡಿತು. ಸಾಮಾನ್ಯವಾಗಿ ಅಲ್ಲಿ ಒಂದೆರಡು ವ್ಯಾನುಗಳು ಅಡ್ಡ ನಿಂತಿರುತ್ತವೆ. ಹಾಗಾಗಿ ಬಸ್ಸನ್ನು ನಡುರಸ್ತೆಯಲ್ಲೇ ನಿಲ್ಲಿಸುವುದು ಎಲ್ಲ ಡ್ರೈವರುಗಳಿಗೂ ರೂಢಿ. ನಿಲ್ಲಿಸುವುದೂ ಅಲ್ಲ, ನಿಧಾನ ಮಾಡುವುದು. ಜನರೂ ಅದಕ್ಕೆ ಒಗ್ಗಿಹೋಗಿದ್ದರು.

"ಬದಿಯಲ್ಲಿ ಜಾಗ ಇದೆಯಲ್ಲ, ಪಕ್ಕಕ್ಕೆ ತಗೋ," ಎಂದ ಷಡ್ಡಕ.

ಡ್ರೈವರಿನ ಕೈ ಅದಾಗಲೇ ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿತ್ತು. ಅತ್ತೆ ಇಳಿಯುತ್ತಾರೆಂದು ಅವನೇ ಬದಿಗೆ ತೆಗೆದುಕೊಳ್ಳುವವನಿದ್ದ. ಷಡ್ಡಕ ಹೇಳಿದನೆಂಬ ಒಂದೇ ಕಾರಣಕ್ಕೆ ಸ್ಟೇರಿಂಗನ್ನು ಮತ್ತೆ ನೇರ ಮಾಡಿಬಿಟ್ಟ.

ಕಂಡಕ್ಟರ್ ಸೀಟಿ ಊದಿದ. ಚಕ್ರ ಪೂರ್ತಿ ನಿಲ್ಲುವ ಮೊದಲೇ ನಾಲ್ಕು ಜನ ಧುಮುಕಿದರು. ಅವರ ಹಿಂದೆ ಅತ್ತೆ ಒಂದು ಕಾಲು ಕೆಳಗಿಟ್ಟರು. ನೆಲ ಅವರು ಎಣಿಸಿದ್ದಕ್ಕಿಂತ ಕೆಳಗಿತ್ತು. ಬಸ್ಸೂ ಇನ್ನೂ ಉರುಳುತ್ತಿತ್ತು. ಷಡ್ಡಕ ಜನರ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಓಡುವಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿಕೊಂಡರು. ಡ್ರೈವರ್ ಬ್ರೇಕು ಅದುಮಿ ಕನ್ನಡಿ ನೋಡಿದ. ಅವನಿಗೆ ಕಂಡದ್ದು ರಸ್ತೆಯ ಮೇಲೆ ಒಂದು ಚಪ್ಪಲಿ ಮಾತ್ರ.

ಅತ್ತೆಯ ಮಣಿಕಟ್ಟಿನ ಮೂಳೆ ಮುರಿದಿತ್ತು. ಒಳಗೆ ಪಟ್ಟಿ ಹಾಕುತ್ತಿದ್ದರು. ಹೊರಗೆ ಫಿನಾಯಿಲ್ ವಾಸನೆಯ ಪಡಸಾಲೆಯಲ್ಲಿ ಇಬ್ಬರೂ ನಿಂತಿದ್ದರು. ಸುದ್ದಿ ತಿಳಿದು ಹೆಂಡತಿಯೂ ಓಡಿ ಬಂದಿದ್ದಳು.

"ನಮ್ಮಲ್ಲಿ ಆಗಿದ್ರೆ ಇಷ್ಟು ಹೊತ್ತಿಗೆ ನಿನ್ನ ಲೈಸೆನ್ಸ್ ಕಿತ್ಕೊಂಡು ಮನೆಗೆ ಕಳಿಸಿರೋರು," ಎಂದ ಷಡ್ಡಕ.

"ನಮ್ಮಲ್ಲಿ, ನಮ್ಮಲ್ಲಿ! ಯಾವುದು ಭಾವ ನಿಮ್ಮಲ್ಲಿ? ನೀವೂ ಇದೇ ರಸ್ತೇಲಿ ಹೀಗೇ ಬಸ್ಸು ಓಡಿಸಿದೋರು. ನಡುರಸ್ತೇಲಿ ನಿಲ್ಲಿಸ್ತಿರಲಿಲ್ವಾ?"

"ನಿಲ್ಲಿಸ್ತಿದ್ದೆ. ಅದು ತಪ್ಪು ಅಂತ ಅಲ್ಲಿಗೆ ಹೋದಮೇಲೆ ಗೊತ್ತಾಯ್ತು. ಪಕ್ಕದ್ದನ್ನ ನೋಡದೆ ನಮ್ಮದು ಓರೆ ಅಂತ ಹೇಗಯ್ಯಾ ಗೊತ್ತಾಗುತ್ತೆ?"

"ನೋಡಿ, ಯಾರು ಬೇಡ ಅಂದ್ರು? ಆದ್ರೆ ಸಮನಾಗಿ ನೋಡಿ. ನಿಮ್ಮ ಬಸ್ಸಲ್ಲಿ ಇಪ್ಪತ್ತು ಜನ ಕೂತಿರ್ತಾರೆ. ನನ್ನ ಬಸ್ಸಲ್ಲಿ ಉಸಿರಾಡೋಕೆ ಜಾಗ ಇಲ್ಲ. ನಿಮಗೆ ಬಸ್ಸಿಗೇ ಅಂತ ಬೇರೆ ದಾರಿ. ನನಗೆ ವ್ಯಾನು, ಗಾಡಿ, ನಾಯಿ, ಅಗೆದು ಬಿಟ್ಟಿರೋ ಗುಂಡಿ. ಐದು ನಿಮಿಷ ತಡವಾದ್ರೆ ಮೇಲಿನವರ ಕೈಲಿ ಬೈಸ್ಕೋಬೇಕು. ಈ ಸ್ಟಾಪಿಗೆ ಬಸ್ಸು ತರೋಕೆ ಬಿಡ್ತಾರಾ ಇಲ್ಲಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಷಡ್ಡಕನಿಗೂ ಅದು ಗೊತ್ತಿತ್ತು.

ಅಷ್ಟರಲ್ಲಿ ನರ್ಸ್ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಕೈ ಕೊರಳಿಗೆ ತೂಗುಬಿದ್ದಿತ್ತು. ಮುಖ ಬಿಳಿಚಿತ್ತು. ಜಗಳವನ್ನೆಲ್ಲ ಅವರು ಒಳಗಿನಿಂದಲೇ ಕೇಳಿಸಿಕೊಂಡಿದ್ದರು.

"ಸಾಕು ಮಾಡ್ರಪ್ಪ. ಬಿದ್ದಿದ್ದು ನಿಮ್ಮ ದೇಶವೂ ಅಲ್ಲ, ಇವನ ದೇಶವೂ ಅಲ್ಲ. ನಾನು ಬಿದ್ದಿದ್ದು." ಅತ್ತೆ ಉಸಿರು ತೆಗೆದುಕೊಂಡು ಡ್ರೈವರಿನ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದರು: "ಅಲ್ಲ ಕಣೋ, ಇವತ್ತು ಸ್ಟಾಪು ಖಾಲಿ ಇತ್ತಲ್ಲ?"

ಡ್ರೈವರ್ ಬಾಯಿ ತೆರೆದ. ವ್ಯಾನು, ಗುಂಡಿ, ನಾಯಿ, ಜನ, ಹೇಳುವುದಕ್ಕೆ ಅವನ ಹತ್ತಿರ ಬೇಕಾದಷ್ಟಿತ್ತು. ಅವತ್ತು ಆ ಸ್ಟಾಪಿನಲ್ಲಿ ಅದೊಂದೂ ಇರಲಿಲ್ಲ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ ಮೆಟ್ಟಿಲ ಕಡೆ ನಡೆದ.

ಸ್ವಲ್ಪ ಹೊತ್ತಿನ ಮೇಲೆ ಷಡ್ಡಕನೂ ಬಂದು ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತ. ಎರಡು ಲೋಟ ಟೀ ತಂದಿದ್ದ.

"ನಾನು ಹಿಂದೆ ನಿಂತು ಅಷ್ಟು ಮಾತಾಡಬಾರದಿತ್ತು," ಎಂದ.

ಡ್ರೈವರ್ ಒಂದು ಲೋಟ ತೆಗೆದುಕೊಂಡ.

"ನಾನು ಅಲ್ಲಿ ಹೇಗಿದ್ದೀನಿ ಗೊತ್ತಾ? ಡ್ರೈವರುಗಳ ಕೋಣೇಲಿ ಯಾರಾದ್ರೂ ನಮ್ಮ ದೇಶದ ಬಗ್ಗೆ ಒಂದು ಹಗುರ ಮಾತಾಡಿದ್ರೆ ಮೈಮೇಲೇ ಹೋಗ್ತೀನಿ. ಹೋದ ವರ್ಷ ಒಬ್ಬನ ಜೊತೆ ಜಗಳವಾಡಿ, ಸಸ್ಪೆಂಡಾಗಿ ಮೂರು ದಿನ ಮನೇಲಿ ಕೂತಿದ್ದೆ. ಬಸ್ ಹತ್ತೋವಾಗ ಕೆಲವರು ನನ್ನ ಮುಖ ನೋಡಿ ಹಿಂದೆ ಬರೋ ಬಸ್ಸಿಗೆ ಕಾಯ್ತಾರೆ. ಇಲ್ಲಿಗೆ ಬಂದ್ರೆ ಅದೇನೋ, ಬಾಯಿ ತೆರೆದರೆ ಅಲ್ಲೀದೇ ಹೊಗಳಿಕೆ ಬರುತ್ತೆ. ಅಲ್ಲಿ ಎಲ್ಲ ಚೆನ್ನಾಗಿದೆ ಅನ್ನದೇ ಹೋದ್ರೆ, ಮತ್ಯಾಕೆ ಹೋದೆ ಅಂತ ನೀವೆಲ್ಲ ಕೇಳ್ತೀರಲ್ಲ?"

ಇದನ್ನು ಕೇಳುತ್ತಿದ್ದ ಹಾಗೆ ಡ್ರೈವರಿಗೆ ಒಳಗೊಳಗೇ ಏನೋ ತಣ್ಣಗಾಯಿತು. ಹತ್ತು ವರ್ಷಗಳಿಂದ ಅವನು ಕೇಳಲು ಕಾದಿದ್ದ ಮಾತು ಇದೇ. ಷಡ್ಡಕನ ಮುಖ ನೋಡಿ ಜನ ಬಸ್ಸು ಹತ್ತುವುದಿಲ್ಲ! ಖುಷಿಯಾಯಿತು. ಆಮೇಲೆ ಪಕ್ಕದಲ್ಲಿ ಕುಳಿತವನ ನರೆತ ಕಿವಿಗೂದಲು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದ ರೀತಿ ಕಣ್ಣಿಗೆ ಬಿತ್ತು. ಇಂಥದ್ದಕ್ಕೆ ಖುಷಿಪಟ್ಟೆನಲ್ಲ ಎನ್ನಿಸಿ ತನ್ನ ಲೋಟವನ್ನು ಕೆಳಗಿಟ್ಟ.

"ನಂಗೂ ನಿನ್ನ ಕಂಡ್ರೆ ಹೊಟ್ಟೆಕಿಚ್ಚು," ಎಂದ ಷಡ್ಡಕ, ಅವನ ಮನಸ್ಸನ್ನು ಓದಿದವನಂತೆ.

"ನನ್ನ ಕಂಡ್ರಾ? ನಂದೇನಿದೆ ಭಾವ?"

"ಮಾವ ತೀರಿಹೋದಾಗ ನೀನಿಲ್ಲಿದ್ದೆ. ನಾನು ಫೋನಲ್ಲೇ ಅತ್ತಿದ್ದು. ಇನ್ನೂ ಒಂದು ವಿಷಯ. ಅತ್ತೆ ನಿನ್ನನ್ನ ಏಕವಚನದಲ್ಲಿ ಬೈತಾರೆ, ಮಗನ ಹಾಗೆ. ನನಗೆ ಇವತ್ತಿಗೂ 'ನೀವು'. ಬಂದ ನೆಂಟ ನಾನು."

ಡ್ರೈವರ್ ಖಾಲಿಯಾದ ಲೋಟವನ್ನು ಷಡ್ಡಕನ ಕೈಯಿಂದ ತೆಗೆದುಕೊಂಡ. "ಬೇಕಂತಲೇ ಬದಿಗೆ ತಗೊಳ್ಳಲಿಲ್ಲ ಭಾವ," ಎಂದ ಕೊನೆಗೆ. "ನೀವು ಹೇಳಿದ್ರಿ ಅಂತ."

"ಗೊತ್ತು," ಎಂದ ಷಡ್ಡಕ. "ಸ್ಟೇರಿಂಗು ತಿರುಗಿದ್ದು ನೋಡಿದೆ."

ಡಿಪೋದವರು ಎಚ್ಚರಿಕೆ ಕೊಟ್ಟು ಬಿಟ್ಟರು. ಷಡ್ಡಕ ರಜೆ ಮುಗಿಸಿ ಹೊರಟ. ಡ್ರೈವರ್ ಅವನ ಪೆಟ್ಟಿಗೆ ಎತ್ತಿ ಕಾರಿಗೆ ಹಾಕಿದ.

ಆಮೇಲಿನ ದಿನಗಳಲ್ಲಿ ಡ್ರೈವರ್ ಸ್ಟಾಪು ಖಾಲಿಯಿದ್ದಾಗಲೆಲ್ಲ ಬಸ್ಸನ್ನು ಫುಟ್‌ಪಾತಿನ ಕಲ್ಲಂಚಿಗೆ ತಾಗುವ ಹಾಗೆ ತಂದು ಪೂರ್ತಿ ನಿಲ್ಲಿಸತೊಡಗಿದ. ವ್ಯಾನು ಅಡ್ಡವಿದ್ದರೆ ಮೊದಲು ಹಾರ್ನ್, ಆಗದಿದ್ದರೆ ಇಳಿದು ಹೋಗಿ ಒಂದು ಮಾತು. ಕೆಲವರು ತೆಗೆದರು, ಕೆಲವರು ಬೈದರು. ಹಿಂದಿನ ಗಾಡಿಗಳು ಬೊಬ್ಬೆ ಹೊಡೆದವು. ಟ್ರಿಪ್ಪು ತಡವಾಗಿ ಮೇಲಿನವರು ಕರೆಸಿದರು. ಕಂಡಕ್ಟರ್ ಮೊದಮೊದಲು, "ಏನಣ್ಣ, ಪರದೇಶದ ಕೆಲಸ ಸಿಕ್ತಾ?" ಎಂದು ನಕ್ಕ. ಆ ನಗೆ ಅವನಿಗೆ ಚುಚ್ಚಿತು. ಹೊಟ್ಟೆಕಿಚ್ಚು ಹೋಗಿಬಿಟ್ಟಿತೆಂದಲ್ಲ. ಷಡ್ಡಕನ ಫೋಟೋಗಳು ಫೋನಿಗೆ ಬಂದಾಗ ಈಗಲೂ ಒಳಗೆ ಚುರುಕ್ಕೆನ್ನುತ್ತಿತ್ತು. ಆದರೂ ಬಸ್ಸನ್ನು ಬದಿಗೇ ತರುತ್ತಿದ್ದ.

ಒಂದೇ ಒಂದು ತೊಂದರೆ ಉಳಿದಿತ್ತು. ಹಿಂದಿನ ಬಾಗಿಲಲ್ಲಿ ಕೊನೆಯವರು ಇಳಿದರೋ ಇಲ್ಲವೋ ಕನ್ನಡಿಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಜನರ ತಲೆ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಒಬ್ಬನೇ ತಿರುಗಿಸಿದರೆ ಸರಿಹೋಗುತ್ತಿರಲಿಲ್ಲ; ಕನ್ನಡಿ ಮುಟ್ಟಲು ಸೀಟಿನಿಂದ ಏಳಬೇಕು, ಎದ್ದರೆ ಕಾಣುವುದೇ ಬೇರೆ.

ಒಂದು ಮಧ್ಯಾಹ್ನ, ಡಿಪೋದಲ್ಲಿ ಬಸ್ಸು ನಿಂತಿದ್ದಾಗ, ಅವನು ಸೀಟಿನಲ್ಲೇ ಕುಳಿತು ಫೋನ್ ಮಾಡಿದ. ಹತ್ತು ವರ್ಷಗಳಲ್ಲಿ ಅವನಾಗಿಯೇ ಷಡ್ಡಕನಿಗೆ ಫೋನ್ ಮಾಡಿದ್ದು ಅದೇ ಮೊದಲು.

"ಏನಾಯ್ತು? ಅತ್ತೆ ಹುಷಾರಾಗಿದ್ದಾರಾ?" ಷಡ್ಡಕನ ದನಿಯಲ್ಲಿ ಗಾಬರಿ.

"ಆರಾಮಾಗಿದ್ದಾರೆ. ಬೆಳಿಗ್ಗೆ ನನಗೆ ಚೆನ್ನಾಗಿ ಬೈದ್ರು." ಡ್ರೈವರ್ ಕನ್ನಡಿಯನ್ನೊಮ್ಮೆ ನೋಡಿದ. ಆಮೇಲೆ ಒಂದೇ ಉಸಿರಿಗೆ ಕೇಳಿದ: "ಭಾವ, ಹಿಂದಿನ ಮೆಟ್ಟಿಲು ಕಾಣೋ ಹಾಗೆ ಕನ್ನಡಿ ಹೇಗೆ ಇಟ್ಕೋತೀರಿ ನೀವು ಅಲ್ಲಿ?"

"ಅಲ್ಲಿ ಎರಡು ಕನ್ನಡಿ ಇರ್ತವೆ," ಎಂದ ಷಡ್ಡಕ. ಈ ಸಲ ದನಿಯಲ್ಲಿ ಹೆಚ್ಚುಗಾರಿಕೆ ಇರಲಿಲ್ಲ. "ದೊಡ್ಡದರ ಕೆಳಗೆ ಇನ್ನೊಂದು, ಉಬ್ಬಿದ ಗಾಜಿಂದು. ನಿಂದರಲ್ಲಿ ಅದಿಲ್ಲ, ನೋಡಿದ್ದೆ. ಬಿಡಿಭಾಗದ ಅಂಗಡೀಲಿ ಲಾರಿಗೆ ಹಾಕೋದು ಸಿಗುತ್ತೆ, ಅದನ್ನ ಕೂರಿಸು. ಈಗ ಸದ್ಯಕ್ಕೆ ಒಂದು ಕೆಲಸ ಮಾಡು. ಕಂಡಕ್ಟರನ್ನ ಹಿಂದಿನ ಮೆಟ್ಟಿಲ ಕೆಳಗೆ ನಿಲ್ಲಿಸು. ಈಗಿರೋ ಕನ್ನಡೀನ ತಿರುಗಿಸೋಕೆ ಇನ್ನೊಬ್ಬರಿಗೆ ಹೇಳು. ನೀನು ಸೀಟಿಂದ ಏಳಬೇಡ."

ಡ್ರೈವರ್ ಫೋನಿನ ವಿಡಿಯೋ ಹಾಕಿ, ಕನ್ನಡಿ ಕಾಣುವ ಹಾಗೆ ಮುಂದಿಟ್ಟು, ಕಿಟಕಿಯಿಂದ ತಲೆ ಹೊರಹಾಕಿ ಕಂಡಕ್ಟರನ್ನು ಕೂಗಿದ. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದ.

"ಸ್ವಲ್ಪ ಕೆಳಗೆ," ಎಂದಿತು ಫೋನು.

"ಸ್ವಲ್ಪ ಕೆಳಗೆ," ಎಂದ ಡ್ರೈವರ್.

"ಒಳಕ್ಕೆ ಒಂದು ಎಳೆ."

"ಒಳಕ್ಕೆ, ಒಂದು ಎಳೆ."

ಕನ್ನಡಿಯಲ್ಲಿ ಆಕಾಶ ಸರಿದು ಹೋಯಿತು, ಗೋಡೆ ಸರಿಯಿತು, ಕಂಡಕ್ಟರಿನ ತಲೆ ಮೇಲಕ್ಕೆ ಹೋಯಿತು. ಕೆಳಗೆ ಬಾಗಿಲ ಮೆಟ್ಟಿಲು ಬಂತು. ಅದರ ಕೆಳಗೆ ನೆಲದ ಮೇಲೆ ಊರಿದ ಎರಡು ಪಾದಗಳು.

"ಕಾಣ್ತಿದೆ ಭಾವ," ಎಂದ ಡ್ರೈವರ್.