ನೀರು ಬೆರೆಸಿದ ಕರೆಂಟು

ಬೀಳಗಿ ಕಡೆ, ಹಿನ್ನೀರಿನ ದಂಡೆಯ ಆ ಕುರಿಗಾರರ ವಸ್ತಿಗೆ ಸರಕಾರದ ಲೈನು ಮುಟ್ಟಿರಲಿಲ್ಲ. ಇದ್ದದ್ದು ಸೋಲಾರ್ ಹಲಗೆಗಳು, ಒಂದು ಕೋಣೆ ತುಂಬ ಬ್ಯಾಟರಿ. ಆ ಕೋಣೆಯ ಕೀಲಿಕೈ ಹಾಲೇಶನ ಉಡದಾರದಲ್ಲಿ. ಊರಿಗೆ ಬೆಳಕು ಕೊಡುವವನು ತಾನೇ ಎಂಬ ಹಮ್ಮು ಅವನಿಗೆ. ಇರಲಿ ಬಿಡಿ, ಪಾಪ, ಹಮ್ಮುಪಡಲು ಅವನಿಗೆ ಬೇರೇನಿತ್ತು?

ಮನೆಮನೆಯ ಹಳದಿ ಬಲ್ಬುಗಳು ಬ್ಯಾಟರಿಯನ್ನು ಬೇಗನೆ ನುಂಗಿ, ಊರು ಊಟಕ್ಕೆ ಕೂತಾಗಲೇ ಕತ್ತಲಾಗುತ್ತಿತ್ತು. ಬೈಗುಳವೆಲ್ಲ ಹಾಲೇಶನಿಗೆ. ಯಂತ್ರ ಕೂರಿಸಿದ ಇಂಜಿನಿಯರು ಒಂದು ಉಪಾಯ ಹೇಳಿದ್ದ: ವೋಲ್ಟೇಜು ತುಸು ಇಳಿಸಿದರೆ ಬಲ್ಬು, ಫ್ಯಾನು ಕಡಿಮೆ ತಿನ್ನುತ್ತವೆ, ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಲೇಶ ಬ್ಯಾಟರಿ ಕೋಣೆಯ ಯಂತ್ರದ ಗುಂಡಿ ತಿರುವಿದ. ಅಂದಿನಿಂದ ಊರು ಮಲಗುವವರೆಗೂ ದೀಪ. ಯಾರೂ ಹೊಗಳಲಿಲ್ಲ, ಬೈಯದಿದ್ದದ್ದೇ ದೊಡ್ಡದು.

ಆದರೆ ಇಂಜಿನಿಯರು ಮಾಯವ್ವನನ್ನು ಕಂಡಿರಲಿಲ್ಲ. ಹಾಲಿಗೆ ಬೆರಳದ್ದಿ ಎಷ್ಟು ನೀರು ಬಿದ್ದಿದೆಯೆಂದು ಹೇಳುವ ಹೆಂಗಸು, ಮೇಲಾಗಿ ಹಾಲೇಶನ ಸೋದರತ್ತೆ. ಒಂದು ಸಂಜೆ ಅವಳು ಬಲ್ಬಿನತ್ತ ಕಣ್ಣು ಕಿರಿದು ಮಾಡಿದಳು.

"ಕರೆಂಟ್ ತೆಳ್ಳಗಾಗೇತಿ. ನಮ್ಮ ಅಳಿಯಾ ನೀರು ಬೆರೆಸಾಕತ್ತಾನ!"

ನೀರು ಬೆರೆಸಿದವನ ಮನೆಯ ಹಾಲು ಬೀರಪ್ಪನ ಗುಡಿಗೆ ನಡೆಯದ ಊರದು. ಮರುದಿನವೇ ಪಂಚರು ಗುಡಿಕಟ್ಟೆಯ ಮೇಲೆ ಕೂತರು. ಹಿರಿಯ ಮಲಕಾಜಪ್ಪ ಭಂಡಾರದ ಬಟ್ಟಲು ಮುಂದಿಟ್ಟ.

"ಭಂಡಾರ ಮುಟ್ಟಿ ಹೇಳಲೇ, ಕರೆಂಟ್ ಕಡಿಮಿ ಮಾಡೀಯೋ ಇಲ್ಲೋ?"

ದೇವರ ಅರಿಶಿನ ಮುಟ್ಟಿ ಸುಳ್ಳು ಹೇಳುವ ಎದೆ ಹಾಲೇಶನಿಗೆಲ್ಲಿಂದ ಬರಬೇಕು? "ಮಾಡೇನ್ರಿ. ಆದ್ರ ನಿಮ್ಮ ಊಟಕ್ಕ ಬೆಳಕಿರಲಿ ಅಂತ..."

"ಕೇಳಿದ್ರೇನು? ಒಪ್ಕೊಂಡ!" ಮಾಯವ್ವ ಕೈ ತಟ್ಟಿದಳು.

"ಇವತ್ತ ಗಟ್ಟಿ ಕರೆಂಟ್ ಬಿಡು. ನಾಳಿ ಕೀಲಿಕೈ ತಂದು ನನ್ನ ಕೈಯಾಗ ಇಡು," ಎಂದ ಮಲಕಾಜಪ್ಪ. ಹಾಲೇಶ ಉಡದಾರದ ಕೀಲಿಕೈ ಮುಟ್ಟಿ ನೋಡಿಕೊಂಡ. ಇನ್ನು ಅಳುವುದೊಂದೇ ಬಾಕಿ.

ಸಂಜೆ ಗುಂಡಿಯನ್ನು ಮೊದಲಿದ್ದಲ್ಲಿಗೆ ತಿರುವಿದ. ಊರೆಲ್ಲ ಝಗಝಗ. "ನೋಡ್ರಿ, ಎಮ್ಮಿ ಹಾಲ ಇದ್ದಂಗ ಐತಿ!" ಎಂದು ಮಾಯವ್ವ ಬೀಗಿದಳು. ಗೆದ್ದ ಖುಷಿಗೆ ಪಂಚರಿಗೆಲ್ಲ ಅವಳ ಮನೆಯಲ್ಲೇ ಬಾಡೂಟ. ತಟ್ಟೆಗೆ ತುಂಡು ಬೀಳುವುದಕ್ಕೂ ದೀಪ ಹೋಗುವುದಕ್ಕೂ ಸರಿಹೋಯಿತು. ಕತ್ತಲಲ್ಲಿ ಒಬ್ಬರ ಕೈ ಇನ್ನೊಬ್ಬರ ಸಾರಿನಲ್ಲಿ. ನನ್ನ ತುಂಡು ಎಲ್ಲಿ ಎಂದು ಮಲಕಾಜಪ್ಪ ಕೂಗಾಡಿದ. ಮಾಯವ್ವನ ಮುಧೋಳದ ನಾಯಿ ಅವನ ಕಾಲು ಸವರಿಕೊಂಡು ಹೊರಗೆ ಹೋಯಿತು.

ಹಾಲೇಶ ಆ ಮನೆಯ ಹೊರಗಿನ ಕಟ್ಟೆಯ ಮೇಲೆ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದ. ಒಳಗಿನಿಂದ ಅತ್ತೆಯ ದನಿ ಬಂತು:

"ಅಳಿಯಾ, ಕೀಲಿಕೈ ನಿನ್ನ ಹತ್ರನ ಇರ್ಲಿ. ನಾಳಿಯಿಂದ ನೀರು ಬೆರೆಸಪಾ. ಒಂದು ಚೊಂಬು ಜಾಸ್ತಿನ ಹಾಕು!"