ಉಡಿದಾರದ ಬೀಗದ ಕೈ

ಟ್ರಂಕು ಮತ್ತೆ ಬಡಿದುಕೊಳ್ಳತೊಡಗಿತು. ಬೀಗ ಹಾಕಿದ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಮನೆಯವರ ಮೊಬೈಲುಗಳೆಲ್ಲ ಒಂದಾದ ಮೇಲೊಂದು ಕೂಗುತ್ತಿದ್ದವು. ಪಕ್ಕದಲ್ಲೇ ಚಾಪೆಯ ಮೇಲೆ ಸಂಜೀವಯ್ಯನವರು ಹಾರ ಹಾಕಿಸಿಕೊಂಡು, ತಮಗೇನೂ ಸಂಬಂಧವಿಲ್ಲವೆಂಬಂತೆ ಮಲಗಿದ್ದರು. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು, ಪುಣ್ಯಾತ್ಮರು. ಬೀಗದ ಕೈ ಮಾತ್ರ ಎಂದಿನಂತೆ ಅವರ ಉಡಿದಾರದಲ್ಲಿತ್ತು.

"ತೆಗೀರೀ ಅದನ್ನ," ಎಂದಳು ಸೊಸೆ ಸುಧಾಮಣಿ, ಮೂಗೊರೆಸಿಕೊಳ್ಳುತ್ತಾ. "ನಮ್ಮ ಇಟ್ಟಮಡು ಏರಿಯಾಗೆಲ್ಲಾ ಸುದ್ದಿ ಆಯ್ತು, ಕೋಲಾರದಲ್ಲಿರೋ ನಮ್ಮಕ್ಕಂಗೆ ಗೊತ್ತಿಲ್ಲ. ನಂಬರ್ ಅದ್ರಲ್ಲೇ ಇದೆ."

"ತಡಿಯೇ, ಎದ್ದ ಮೇಲೆ ಅಪ್ಪಾನೇ ಕೊಡ್ತಾ..." ಎಂದ ಅವಳ ಗಂಡ ದೇವರಾಜ್ ನಾಲಿಗೆ ಕಚ್ಚಿಕೊಂಡ. ಐವತ್ತರ ಹತ್ತಿರದ ಗಂಡಸು, ಆಫೀಸಿನಲ್ಲಿ ಎಲ್ಲರನ್ನೂ ಗದರಿಸುವವನು. ಅಪ್ಪನ ಸೊಂಟಕ್ಕೆ ಕೈ ಹಾಕುವ ಧೈರ್ಯ ಮಾತ್ರ ಅವನಿಗಿಲ್ಲ. ಬೀಗ ಒಡೆಯೋಣವೆಂದು ಯಾರೋ ಅಂದರು. ಎಲ್ಲರೂ ಒಮ್ಮೆ ಚಾಪೆಯ ಕಡೆ ನೋಡಿ ಹಿಂದೆ ಸರಿದರು.

*

ಈ ಟ್ರಂಕಿನ ಕಥೆ ಶುರುವಾಗಿದ್ದು ದೇವರಾಜನ ಮಗಳು ತನುಶ್ರೀಯಿಂದ. ಹತ್ತನೇ ಕ್ಲಾಸಿನ ಹುಡುಗಿ, ಹೊದಿಕೆಯೊಳಗೆ ಮೊಬೈಲ್ ಹಿಡಿದು ಕಿಸಕಿಸ ನಗುತ್ತಿದ್ದಳು. "ಸಾಕು ಮಾಡು ಚಿನ್ನಾ, ಪ್ಲೀಸ್," ಎಂದು ದೇವರಾಜ್ ಗೋಗರೆಯುತ್ತಿದ್ದ. "ಟೂ ಮಿನಿಟ್ಸ್ ಪಪ್ಪಾ," ಎನ್ನುತ್ತಿದ್ದಳು. ಆ ಎರಡು ನಿಮಿಷ ಮುಗಿದದ್ದನ್ನು ಆ ಮನೆಯಲ್ಲಿ ಕಂಡವರಿಲ್ಲ.

ಒಂದು ಸಂಜೆ ಸಂಜೀವಯ್ಯ ಟ್ರಂಕನ್ನು ಹಾಲಿಗೆ ಎಳೆದು ತಂದರು. ಇನ್ನು ದಿನಾ ರಾತ್ರಿ ಊಟಕ್ಕೆ ಮುಂಚೆ ಎಲ್ಲರ ಫೋನೂ ಒಳಗೆ, ಬೆಳಿಗ್ಗೆಯೇ ವಾಪಸ್ಸು ಎಂದರು. ತನುಶ್ರೀ ಮುಖ ಊದಿಸಿಕೊಂಡು ಫೋನು ಚಾಚಿದಳು.

"ನೀನಲ್ಲ ಕಣವ್ವ, ಮೊದ್ಲು ನಿಮ್ಮಪ್ಪ. ತಿಂತಿರೋ ಸಾರು ಯಾವ್ದು ಅಂತ ಕೇಳಿದ್ರೆ ಇವನಿಗೆ ಗೊತ್ತಿರಲ್ಲ. ಇವನೇನು ನಿಂಗೆ ಬುದ್ಧಿ ಹೇಳ್ತಾನೆ?"

ಮಗಳ ಮುಂದೆ ದೇವರಾಜನಿಗೆ ಮಾನ ಹೋದಂತಾಯಿತು. ಮುದುಕರು ಕೊನೆಗೆ ತಮ್ಮ ಬಟನ್ ಫೋನನ್ನೂ ಹಾಕಿ, ಬೀಗ ಜಡಿದು, ಟ್ರಂಕಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು ಮುದ್ದೆ ಉಂಡರು.

*

ಸಂಜೀವಯ್ಯನವರಿಗೆ ಕಡೆಯ ಸ್ನಾನ ಮಾಡಿಸುವಾಗ ಚಿಕ್ಕಪ್ಪ ಚಿಕ್ಕಬೈರಪ್ಪ ಕತ್ತರಿ ಕೊಟ್ಟರು. "ಉಡಿದಾರ ಮಗನೇ ತೆಗೀಬೇಕು. ತೆಗಿಯೋ, ನಿಮ್ಮಪ್ಪ ಈಗ ಬಯ್ಯಲ್ಲ."

ಬೀಗದ ಕೈ ದೇವರಾಜನ ಅಂಗೈಗೆ ಬಿತ್ತು. ಇನ್ನು ತನ್ನನ್ನು ಬಯ್ಯುವವರೇ ಇಲ್ಲವೆಂದು ಹೊಳೆದದ್ದೇ ತಡ, ಗೊಳೋ ಎಂದು ಅತ್ತುಬಿಟ್ಟ.

ಮಣ್ಣು ಮಾಡಿ ಬಂದ ಸಂಜೆ ಮನೆ ತುಂಬ ನೆಂಟರು, ನೆಂಟರ ಕೈ ತುಂಬ ಫೋನು. ಪಕ್ಕದ ಮನೆಯ ರುದ್ರಮ್ಮ ಅನ್ನ ಸಾರು ತಂದಿಟ್ಟರು. ತನುಶ್ರೀ ಬೆಳಿಗ್ಗೆ ಟ್ರಂಕಿನಿಂದ ತೆಗೆದ ತನ್ನ ಫೋನಿಗೆ ತಲೆ ಬಗ್ಗಿಸಿ ಮೂಲೆಯಲ್ಲಿ ಕುಳಿತಿದ್ದಳು. ಇವತ್ತು ಹೇಳದಿದ್ದರೆ ಇನ್ನೆಂದೂ ತನ್ನ ಮಾತು ನಡೆಯದೆಂದು ದೇವರಾಜನಿಗೆ ಚೆನ್ನಾಗಿ ಗೊತ್ತಿತ್ತು.

"ಚಿನ್ನಾ, ಪ್ಲೀ..." ಎಂದವನು ನಿಲ್ಲಿಸಿದ. ಟ್ರಂಕು ತೆರೆದು ತನ್ನ ಫೋನು ಹಾಕಿದ.

ತನುಶ್ರೀ ತಲೆಯೆತ್ತಿ ನೋಡಿದಳು. ಎದ್ದು ಬಂದು ತನ್ನದನ್ನು ಹಾಕಿದಳು, ಆಮೇಲೆ ತಾತನ ಬಟನ್ ಫೋನನ್ನೂ. ದೇವರಾಜ್ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ.

ಒಳಗೆ ತಾತನ ಫೋನು ಬಡಿದುಕೊಂಡಿತು. ಸುದ್ದಿ ತಿಳಿಯದ ಯಾರೋ. ದೇವರಾಜನ ಕೈ ಗಬಕ್ಕನೆ ಸೊಂಟಕ್ಕೆ ಹೋಯಿತು.

"ಬೆಳಿಗ್ಗೆ, ಪಪ್ಪಾ," ಎಂದು ತನುಶ್ರೀ ತಟ್ಟೆ ಹಿಡಿದು, ಟ್ರಂಕಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.