ಹೆರಿಗೆ ವಾರ್ಡಿನ ಕೈ

ಕೆನಡಾದ ವಿನ್ನಿಪೆಗ್ಗಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ಬಾಣಂತಿಯರನ್ನು ನೋಡಿಕೊಂಡಿದ್ದ ನರ್ಸ್ ಮಾರಿವಿಕ್ ದುಮ್ಲಾವ್‌ಳನ್ನು, ಆ ವಾರ್ಡು ಮುಚ್ಚಿದ ಮರುದಿನವೇ ಮೂಳೆ ಆಪರೇಷನ್ನಿನ ವಾರ್ಡಿಗೆ ಹಾಕಿದರು. ಐವತ್ತಮೂರರ ವಯಸ್ಸಿನಲ್ಲಿ ಮತ್ತೆ ಒಂದನೇ ಕ್ಲಾಸು! ಗಡುವು ಆರೇ ವಾರ. ಅಷ್ಟರಲ್ಲಿ ವಾರ್ಡಿನ ಮುಖ್ಯಸ್ಥೆ ಗ್ವೆನ್ "ಕೆಲಸಕ್ಕೆ ಒಗ್ಗಿದ್ದಾಳೆ" ಎಂದು ಸಹಿ ಹಾಕಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ಬೇರೆಯವರಾಗಿದ್ದರೆ ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಇವಳು ತನ್ನ ಅರ್ಧ ವಯಸ್ಸಿನ ನರ್ಸ್ ಜೋವಾನಾಳ ಹಿಂದೆ ನೋಟ್‌ಬುಕ್ ಹಿಡಿದು ಓಡಾಡಿದಳು. ತಪ್ಪಾದ ದಿನ ತಾನೇ ಹೋಗಿ ಗ್ವೆನ್‌ಗೆ ಹೇಳಿದಳು. ಗೇಲಿ ಮಾಡಿದವರ ಜೊತೆ ತಾನೂ ನಕ್ಕು, ಮನೆಗೆ ಹೋಗುವ ಬಸ್ಸಿನಲ್ಲಿ ಆ ದಿನದ ಪಾಠವನ್ನು ಬಾಯಿಪಾಠ ಮಾಡಿದಳು. ಅಬ್ಬಾ, ಆ ಗಟ್ಟಿತನಕ್ಕೆ ಕೈ ಮುಗಿಯಬೇಕು! ಆದರೂ ಕೊನೆಯ ದಿನ ಬೆಳಿಗ್ಗೆ ಗ್ವೆನ್ ಮುಖ ಸಡಿಲಿಸಲಿಲ್ಲ. "ಇನ್ನೂ ಕೆಲ್ಸ ನಿಧಾನ, ಮಾರಿವಿಕ್. ಸಂಜೆ ನೋಡೋಣ," ಎಂದಳು.

ಮಧ್ಯಾಹ್ನ ಮೂರನೇ ಹಾಸಿಗೆಯಲ್ಲಿ ರಂಪ. ಸೊಂಟದ ಆಪರೇಷನ್ ಆಗಿದ್ದ ಎಂಬತ್ತರ ಓರೆಸ್ಟ್ ಅಜ್ಜ ನಿನ್ನೆಯವರೆಗೂ ಸಾಧುಪ್ರಾಣಿ. ಇವತ್ತು ಹಾಸಿಗೆಯಿಂದ ಧುಮುಕಲು ನೋಡುತ್ತಾ, ಹತ್ತಿರ ಬಂದವರಿಗೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದ.

"ವಯಸ್ಸಾದೋರಿಗೆ ಆಪರೇಷನ್ ಆದ್ಮೇಲೆ ಹೀಗಾಗೋದು ಮಾಮೂಲು," ಎಂದು ಎಳೆಯ ಡಾಕ್ಟರ್ ನಿದ್ದೆಯ ಇಂಜೆಕ್ಷನ್ ಬರೆಯಹೊರಟ.

ಅಜ್ಜನನ್ನು ಹಿಡಿದುಕೊಳ್ಳಲು ಬಗ್ಗಿದ ಮಾರಿವಿಕ್‌ಳ ಕೈ ತಾನಾಗಿಯೇ ಅವನ ಹೊಕ್ಕುಳ ಕೆಳಗೆ ಹೋಗಿ ಒತ್ತಿತು. ಹೆತ್ತವಳ ಗರ್ಭಕೋಶ ಬಿಗಿದುಕೊಂಡಿದೆಯೇ ಎಂದು ಮೊದಲು ನೋಡುವುದು ಅಲ್ಲೇ.

"ಅಕ್ಕಾ, ತಾತಂಗೆ ಎಷ್ಟು ತಿಂಗ್ಳು?" ಜೋವಾನಾ ಕಿಸಕ್ಕನೆ ನಕ್ಕಳು. ಡಾಕ್ಟರೂ ನಕ್ಕ. ಬಾಗಿಲಲ್ಲಿ ಗ್ವೆನ್ ನಿಂತಿದ್ದಳು. ಮುಗಿಯಿತು ನನ್ನ ಕತೆ ಎಂದುಕೊಂಡಳು ಮಾರಿವಿಕ್. ಆದರೆ ಕೈ ಮಾತ್ರ ತೆಗೆಯಲಿಲ್ಲ.

"ತಮಾಷೆ ಆಮೇಲೆ ಮಾಡು ತಾಯಿ, ಮೊದ್ಲು ಇಲ್ಲಿ ಮುಟ್ಟಿ ನೋಡು. ಕಲ್ಲಾಗಿದೆ. ಮೂತ್ರ ಕಟ್ಕೊಂಡಿದೆ. ಆ ಸಂಕಟಕ್ಕೇ ಈ ರಂಪ."

"ಬೆಳಿಗ್ಗೆ ಮೂತ್ರದ ನಳಿ ತೆಗೆದ್ಮೇಲೆ ಎರಡು ಸಲ ಹೋಗಿದಾರಲ್ಲ?" ಎಂದ ಡಾಕ್ಟರ್.

"ಅದು ತುಂಬಿ ಹೊರಗೆ ಚೆಲ್ಲಿದ್ದು ಡಾಕ್ಟ್ರೇ. ಬಾಣಂತೀರಲ್ಲಿ ಇದನ್ನ ಎಷ್ಟು ನೋಡಿಲ್ಲ ನಾನು! ನೀವು ನಿದ್ದೆ ಮಾಡಿಸಿಬಿಟ್ರೆ ಪಾಪ, ಕೂಗೋಕೂ ಆಗಲ್ಲ ಅವರಿಗೆ."

ಮತ್ತೆ ನಳಿ ಹಾಕಿದರು. ಒಂದು ಲೀಟರಿಗೂ ಮೇಲೆ ಬಂತು. ಅರ್ಧ ಗಂಟೆಯಲ್ಲಿ ಅಜ್ಜ ಕನ್ನಡಕ ಕೇಳಿ ಹಾಕಿಕೊಂಡು, "ಏನಮ್ಮಾ, ತುಂಬಾ ಬೈದ್ನಾ?" ಎಂದು ಕೇಳಿದ.

"ಹೆರಿಗೆ ನೋವಲ್ಲಿ ಹೆಂಗಸರು ಬೈಯೋದ್ರ ಮುಂದೆ ನಿಮ್ದೆಲ್ಲ ಏನು ಬಿಡಿ ಅಜ್ಜಾ!"

ಸಂಜೆ ಗ್ವೆನ್ ಕೋಣೆಗೆ ಕರೆದಳು. ಮೇಜಿನ ಮೇಲೆ ಸಹಿಯ ಹಾಳೆ ಇತ್ತು. ಮಾರಿವಿಕ್ ಕೂರದೆ ನಿಂತೇ ಇದ್ದಳು.

"ಆರು ವಾರದಿಂದ ನೀನು ಹಳೇದನ್ನೆಲ್ಲ ಯಾವಾಗ ಮರೀತೀಯೋ ಅಂತ ಕಾಯ್ತಿದ್ದೆ ನಾನು. ಮರೆತಿದ್ರೆ ಆ ಅಜ್ಜನ ಗತಿ?" ಎಂದಳು ಗ್ವೆನ್. ಸಹಿ ಹಾಕಿ ಹಾಳೆಯನ್ನು ಇವಳ ಕಡೆ ತಳ್ಳಿದಳು. "ನಾಳೆ ಏಳಕ್ಕೆ ಬಂದ್ಬಿಡು. ಕೈ ಇಟ್ಟು ನೋಡೋದು ಹೇಗೆ ಅಂತ ನಮ್ಗೂ ಸ್ವಲ್ಪ ಹೇಳ್ಕೊಡು."

ಆರು ವಾರದಲ್ಲಿ ಯಾರ ಮುಂದೆಯೂ ಒಂದು ಹನಿ ಕಣ್ಣೀರು ಹಾಕದ ಮಾರಿವಿಕ್, ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ಗಳಗಳನೆ ಅತ್ತುಬಿಟ್ಟಳು.